ನಿಘಂಟುಕಾರ ಡಾಕ್ಟರ್ ಜಾನ್ಸನ್

ಆಂಗ್ಲ ಸಾಹಿತ್ಯದ ಚರಿತ್ರೆಯನ್ನು ಓದುವವರು ಚಾಸರನಿಂದ ಹೊರಟು, ಷೇಕ್ಸ್‌ಪಿಯರ್ ಮಿಲ್ಟನ್ನರೆಂಬ ಎರಡು ಮಹಾಶಿಖರಗಳನ್ನು ದರ್ಶಿಸಿ, ವರ್ಡ್ಸ್‌ವರ್ತ್, ಕೀಟ್ಸ್ ಮೊದಲಾದ ರಮ್ಯಕವಿಗಳ ಉಪವನಕ್ಕೆ ಅವಸರದಿಂದ ನಡೆದುಬಿಡುವುದು ವಾಡಿಕೆ. ನಡುವೆ ಸಿಕ್ಕುವ ಹದಿನೆಂಟನೆಯ ಶತಮಾನವು ಅವರಿಗೆ ನೆರಳಿಲ್ಲದ ಬಯಲುದಾರಿಯಂತೆ ತೋರುತ್ತದೆ. ಆ ಬಯಲಿನಲ್ಲಿಯೇ ಒಬ್ಬ ಬಡ ವಿದ್ವಾಂಸನು ಕುಳಿತು, ತನಗಿಂತ ಹಿಂದಿನ ಇನ್ನೂರು ವರ್ಷಗಳ ಗ್ರಂಥರಾಶಿಯನ್ನು ಸೋಸಿ, ಒಂದು ಭಾಷೆಯ ಪದಸಂಪತ್ತನ್ನು ಎರಡು ಬೃಹತ್ಸಂಪುಟಗಳಲ್ಲಿ ಕಟ್ಟಿಕೊಟ್ಟನು. ಅವನೇ ಸ್ಯಾಮ್ಯುಯೆಲ್ ಜಾನ್ಸನ್. ಹಣವಿಲ್ಲದೆ ವಿದ್ಯಾಪೀಠವನ್ನು ಬಿಟ್ಟವನು. ಶಾಲೆಯೊಂದನ್ನು ತೆರೆದು, ನಡೆಸಲಾರದೆ ಮುಚ್ಚಿದವನು. ದೊಡ್ಡವರ ಬಾಗಿಲಲ್ಲಿ ಕಾದು ಬರಿಗೈಯಲ್ಲಿ ಹಿಂದಿರುಗಿದವನು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಿಗೆ ಓದುವ ಇಂಥ ಸಂಪುಟದಲ್ಲಿ ಅವನ ಚರಿತ್ರೆಯನ್ನು ಹೇಳುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಜಾನ್ಸನ್ನನು 1709ನೆಯ ಇಸವಿ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಪ್ರಾಂತದ ಲಿಚ್‌ಫೀಲ್ಡ್ ಪಟ್ಟಣದಲ್ಲಿ ಜನಿಸಿದನು. ತಂದೆ ಮೈಕೇಲ್ ಪುಸ್ತಕ ವ್ಯಾಪಾರಿ; ತಾಯಿ ಸಾರಾಳಿಗೆ ಆಗ ನಲವತ್ತು ವರ್ಷ. ಶೈಶವದಲ್ಲಿಯೇ ಗಂಡಮಾಲೆ ರೋಗ ತಗುಲಿ ಮಗುವಿನ ಮುಖ ಕುತ್ತಿಗೆಗಳಲ್ಲಿ ಕಲೆಗಳು ಉಳಿದವು, ಒಂದು ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು, ಕಿವಿಯೂ ಮಂದವಾಯಿತು. ರಾಜಸ್ಪರ್ಶದಿಂದ ಈ ವ್ಯಾಧಿ ನಿವಾರಣೆಯಾಗುವುದೆಂಬ ನಂಬಿಕೆ ಆ ದೇಶದಲ್ಲಿ ಆಗ ಇತ್ತು. ತಾಯಿ 1712ರಲ್ಲಿ ಮಗುವನ್ನೆತ್ತಿಕೊಂಡು ಲಂಡನ್ನಿಗೆ ಹೋಗಿ ಆನ್ ರಾಣಿಯಿಂದ ಮುಟ್ಟಿಸಿ ತಂದಳು. ರೋಗ ಹೋಗಲಿಲ್ಲ, ರಾಣಿ ತೊಡಿಸಿದ ಚಿನ್ನದ ಬಿಲ್ಲೆ ಮಾತ್ರ ಬದುಕಿರುವ ತನಕ ಅವನ ಕೊರಳಲ್ಲಿತ್ತು.

ಅಂಗಡಿಯೇ ಅವನ ನಿಜವಾದ ಪಾಠಶಾಲೆ. ತಮ್ಮನು ಬಚ್ಚಿಟ್ಟಿದ್ದ ಸೇಬುಹಣ್ಣನ್ನು ಹುಡುಕುತ್ತ ಕಪಾಟಿನ ಮೇಲೇರಿದ ಬಾಲಕನಿಗೆ ಹಣ್ಣು ಸಿಕ್ಕದೆ ಇಟಲಿಯ ಕವಿ ಪೆಟ್ರಾರ್ಕನ ಗ್ರಂಥ ಸಿಕ್ಕಿತಂತೆ. ಹಸಿವನ್ನು ಮರೆತು ಅದನ್ನೇ ಓದುತ್ತ ಕುಳಿತನಂತೆ. ಊರಿನ ಲ್ಯಾಟಿನ್ ಶಾಲೆಯ ಉಪಾಧ್ಯಾಯರು ಬೆತ್ತಕ್ಕೆ ಪ್ರಸಿದ್ಧರು. ಆ ಬೆತ್ತದಿಂದಲೇ ತನಗೆ ಲ್ಯಾಟಿನ್ ಬಂದಿತೆಂದು ಜಾನ್ಸನ್ನನು ಮುಂದೆ ಹೇಳುತ್ತಿದ್ದನು. ಈ ಮಾತನ್ನು ನಮ್ಮ ಉಪಾಧ್ಯಾಯ ಮಿತ್ರರು ಆಧಾರವಾಗಿ ಹಿಡಿಯಬಾರದೆಂದು ಮಾತ್ರ ನನ್ನ ವಿನಂತಿ.

1728ರ ಅಕ್ಟೋಬರಿನಲ್ಲಿ ಅವನು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ಅವನಷ್ಟು ಓದಿಕೊಂಡು ಬಂದ ವಿದ್ಯಾರ್ಥಿ ಅಲ್ಲಿ ವಿರಳ. ಆದರೆ ಪಾದರಕ್ಷೆಗಳು ಹರಿದು ಬೆರಳುಗಳು ಹೊರಗೆ ಕಾಣುತ್ತಿದ್ದವು. ಇದನ್ನು ನೋಡಿದ ಯಾರೋ ಒಬ್ಬರು ಒಂದು ಜೊತೆ ಹೊಸ ಜೋಡುಗಳನ್ನು ತಂದು, ಹೇಳದೆ ಕೇಳದೆ, ಅವನ ಕೋಣೆಯ ಬಾಗಿಲಲ್ಲಿಟ್ಟು ಹೋದರು. ಬೆಳಗ್ಗೆ ಬಾಗಿಲು ತೆರೆದ ಜಾನ್ಸನ್ನನು ಕೋಪದಿಂದ ಅವನ್ನು ಎತ್ತಿ ಎಸೆದುಬಿಟ್ಟನು. ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಇಬ್ಬರ ಕಡೆಗೂ ಹೊಯ್ದಾಡುತ್ತದೆ. ಇಟ್ಟು ಹೋದವನು ಹೆಸರನ್ನು ಬಯಸಲಿಲ್ಲ. ಅವನಲ್ಲಿ ದೋಷವನ್ನು ಹುಡುಕುವುದು ಕಷ್ಟ. ಎಸೆದವನಿಗೂ ಆ ವಯಸ್ಸಿನಲ್ಲಿ ಉಳಿದಿದ್ದ ಒಂದೇ ಆಸ್ತಿಯೆಂದರೆ ಅಭಿಮಾನ. ಹದಿಮೂರು ತಿಂಗಳು ಕಳೆಯುವಷ್ಟರಲ್ಲಿ ಹಣ ಮುಗಿಯಿತು. 1729ರ ಡಿಸೆಂಬರಿನಲ್ಲಿ ಪದವಿಯಿಲ್ಲದೆ ಅವನು ಊರಿಗೆ ಹಿಂದಿರುಗಿದನು. ಎರಡು ವರ್ಷಗಳಲ್ಲಿ ತಂದೆಯೂ ಸಾಲದ ಕಷ್ಟದಲ್ಲಿಯೇ ತೀರಿಕೊಂಡನು.

ಪದವಿಯಿಲ್ಲದವನಿಗೆ ಉಪಾಧ್ಯಾಯವೃತ್ತಿ ದುರ್ಲಭವಾಯಿತು. ಮಾರ್ಕೆಟ್ ಬಾಸ್ವರ್ತ್ ಎಂಬಲ್ಲಿ ಸಹಾಯಕ ಉಪಾಧ್ಯಾಯನಾಗಿದ್ದು ಬೇಸತ್ತು ಬಿಟ್ಟನು. ಸಾಲಿಹಲ್ ಶಾಲೆಯವರು ಅವನ ವಿದ್ವತ್ತನ್ನು ಒಪ್ಪಿದರೂ, ಅವನ ಮುಖದ ವಿಕಾರಚೇಷ್ಟೆಗಳಿಂದ ಹುಡುಗರು ಕೆಡಬಹುದೆಂದು ಅಂಜಿ ನಿರಾಕರಿಸಿದರು. 1735ರಲ್ಲಿ, ತನಗಿಂತ ಇಪ್ಪತ್ತು ವರ್ಷ ಹಿರಿಯಳಾದ ಎಲಿಜಬೆತ್ ಪೋರ್ಟರ್ ಎಂಬ ವಿಧವೆಯನ್ನು ಪ್ರೀತಿಸಿ ಮದುವೆಯಾದನು. ಅವಳ ಹಣದಿಂದ ಲಿಚ್‌ಫೀಲ್ಡಿನ ಸಮೀಪದ ಎಡಿಯಲ್ ಎಂಬ ಹಳ್ಳಿಯಲ್ಲಿ ಒಂದು ವಸತಿಶಾಲೆಯನ್ನು ತೆರೆದು, ಗ್ರೀಕ್ ಲ್ಯಾಟಿನ್‌ಗಳನ್ನು ಕಲಿಸುವುದಾಗಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟನು. ಬಂದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿ. ಒಂದೂವರೆ ವರ್ಷದೊಳಗೆ ಶಾಲೆ ಮುಚ್ಚಿತು. 1737ರ ಮಾರ್ಚ್ ತಿಂಗಳಲ್ಲಿ ಗುರು ಶಿಷ್ಯರಿಬ್ಬರು ಲಂಡನ್ನಿನ ದಾರಿ ಹಿಡಿದರು. ಆ ಶಿಷ್ಯನೇ, ಆಂಗ್ಲ ರಂಗಭೂಮಿಯ ಸಾರ್ವಭೌಮನೆಂದು ಮುಂದೆ ಮೆರೆದ ಡೇವಿಡ್ ಗ್ಯಾರಿಕ್. ಶಿಷ್ಯನಿಗೆ ಕೀರ್ತಿ ಧನಗಳು ಕೆಲವೇ ವರ್ಷಗಳಲ್ಲಿ ಕೈಗೂಡಿದವು. ಗುರುವಿಗೆ ಇನ್ನೂ ಇಪ್ಪತ್ತೈದು ವರ್ಷಗಳ ದಾರಿದ್ರ್ಯವು ಕಾದಿತ್ತು.

ಲಂಡನ್ನಿನಲ್ಲಿ ಅವನು ಪುಸ್ತಕವ್ಯಾಪಾರಿಗಳಿಗೆ ಕೂಲಿ ಬರವಣಿಗೆ ಮಾಡಿದನು. ಪಾರ್ಲಿಮೆಂಟಿನ ಚರ್ಚೆಗಳ ವರದಿಗಳನ್ನು, ಆ ಸಭೆಯಲ್ಲಿ ಕೂರದೆಯೇ, ಪರರು ತಂದ ಅಲ್ಪಸ್ವಲ್ಪ ಟಿಪ್ಪಣಿಗಳಿಂದ ಬರೆದುಕೊಟ್ಟನು. ರಿಚರ್ಡ್ ಸ್ಯಾವೇಜ್ ಎಂಬ ನಿರ್ಗತಿಕ ಕವಿಯೊಡನೆ, ತಂಗಲು ಸ್ಥಳವಿಲ್ಲದೆ, ಇಡೀ ರಾತ್ರಿ ಬೀದಿಗಳಲ್ಲಿ ತಿರುಗಿ ಬೆಳಗು ಮಾಡಿದ ದಿನಗಳೂ ಇದ್ದವು. 1739ರಲ್ಲಿ ಒಂದು ಶಾಲೆಯ ಮುಖ್ಯೋಪಾಧ್ಯಾಯ ಸ್ಥಾನಕ್ಕೆ ಪದವಿ ಬೇಕಾಗಿ, ಡಬ್ಲಿನ್ ವಿದ್ಯಾಪೀಠದಿಂದ ಅದನ್ನು ಕೊಡಿಸಲು ಹಿತೈಷಿಗಳು ಯತ್ನಿಸಿದರು, ಫಲಿಸಲಿಲ್ಲ. ಅದು ಫಲಿಸಿದ್ದರೆ ಇಂಗ್ಲಿಷ್ ನಿಘಂಟು ಯಾರ ಪಾಲಿಗೆ ಬರುತ್ತಿತ್ತೋ!

ಆ ಮಹಾಕಾರ್ಯವು ಆರಂಭವಾದುದು 1746ರಲ್ಲಿ. ಲಂಡನ್ನಿನ ಪುಸ್ತಕವ್ಯಾಪಾರಿಗಳು ಕೂಡಿ 1,575 ಪೌಂಡುಗಳಿಗೆ ಒಪ್ಪಂದ ಮಾಡಿಕೊಂಡರು. ಕಾಗದ, ಸಹಾಯಕರ ಸಂಬಳ ಎಲ್ಲವೂ ಆ ಹಣದಲ್ಲಿಯೇ ಆಗಬೇಕು. ಮೂರು ವರ್ಷಗಳಲ್ಲಿ ಮುಗಿಸುವುದಾಗಿ ಜಾನ್ಸನ್ನನು ಮಾತು ಕೊಟ್ಟನು. ಫ್ರಾನ್ಸಿನಲ್ಲಿ ನಲವತ್ತು ಮಂದಿ ಪಂಡಿತರ ಪರಿಷತ್ತಿಗೆ ಇಂಥದೇ ಕೆಲಸವು ದಶಕಗಟ್ಟಲೆ ಹಿಡಿದಿತ್ತೆಂಬುದು ಅವನಿಗೆ ತಿಳಿಯದಿರಲಿಲ್ಲ. ಗಾಫ್ ಸ್ಕ್ವೇರಿನ ಮನೆಯ ಅಟ್ಟದಲ್ಲಿ ಉದ್ದನೆಯ ಮೇಜುಗಳನ್ನಿಟ್ಟು ಆರು ಮಂದಿ ಲಿಪಿಕಾರರನ್ನು ಕೂರಿಸಿಕೊಂಡು ಕೆಲಸಕ್ಕೆ ತೊಡಗಿದನು. ಸ್ಕಾಟ್ಲೆಂಡಿನವರನ್ನು ಸದಾ ಹಾಸ್ಯ ಮಾಡುತ್ತಿದ್ದವನ ಈ ಆರು ಜನರಲ್ಲಿ ಐವರು ಸ್ಕಾಟ್ಲೆಂಡಿನವರೇ ಆಗಿದ್ದುದು ಒಂದು ವಿನೋದ.

ಅವನ ಕಾರ್ಯಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಪರಂಪರೆಯ ಕೋಶಗಳು ಕಂಠಪಾಠಕ್ಕೆಂದು ಹುಟ್ಟಿದವು. ಅಮರಕೋಶವನ್ನು ಬಾಲ್ಯದಲ್ಲಿ ಉರುಹಾಕಿದ ನನ್ನಂಥವರಿಗೆ ಒಂದು ಪದವನ್ನು ನೆನೆದರೆ ಅದರ ಪರ್ಯಾಯಪದಗಳು ತಾವಾಗಿ ಸಾಲುಗೊಂಡು ಬರುತ್ತವೆ. ಆದರೆ ಯಾವ ಕವಿಯು ಎಲ್ಲಿ, ಯಾವ ಛಾಯೆಯಲ್ಲಿ ಅದನ್ನು ಪ್ರಯೋಗಿಸಿದನೆಂಬುದನ್ನು ಆ ಶ್ಲೋಕಗಳು ಹೇಳಲಾರವು. ಜಾನ್ಸನ್ನನು ಹಿಡಿದುದು ಈ ಪ್ರಯೋಗದ ಮಾರ್ಗವನ್ನು. ಮೊದಲು ಗ್ರಂಥಗಳನ್ನು ಓದುವುದು. ಒಳ್ಳೆಯ ಪ್ರಯೋಗ ಕಂಡಲ್ಲಿ ಪದದ ಕೆಳಗೆ ಗೆರೆಯೆಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಬರೆಯುವುದು. ಲಿಪಿಕಾರರು ಆ ವಾಕ್ಯಗಳನ್ನು ಚೀಟಿಗಳಿಗೆ ಇಳಿಸುವುದು. ಬಳಿಕ ಅರ್ಥಭೇದಗಳನ್ನು ಬಿಡಿಸಿ ಬರೆಯುವುದು. ಎರವಲು ತಂದ ಪುಸ್ತಕಗಳಲ್ಲಿಯೂ ಹೀಗೆಯೇ ಗೆರೆಯೆಳೆದುದರಿಂದ ಗೆಳೆಯರು ಪುಸ್ತಕ ಕೊಡಲು ಹೆದರುತ್ತಿದ್ದರು. ಉದಾಹರಣೆಗಳಿಗೆ ಅವನು ಮುಖ್ಯವಾಗಿ ಆಯ್ದುಕೊಂಡುದು ಸಿಡ್ನಿಯಿಂದ ಮೊದಲಾದ ಎಲಿಜಬೆತ್ ರಾಣಿಯ ಕಾಲದವರನ್ನೂ ಅನಂತರದವರನ್ನೂ. ಆಲ್ಫ್ರೆಡ್ ದೊರೆಯಿಂದ ಚಾಸರನವರೆಗಿನ ಪ್ರಾಚೀನ ಭಾಷೆಯ ಮಾದರಿಗಳನ್ನು ಗ್ರಂಥದ ಆರಂಭದ ಭಾಷಾಚರಿತ್ರೆಯಲ್ಲಿ ಸೇರಿಸಿದನು. ಹೀಗೆ ನಿಘಂಟೆಂಬ ನೆಪದಲ್ಲಿ ಆಂಗ್ಲ ಸಾಹಿತ್ಯದ ದೊಡ್ಡದೊಂದು ಸಂಕಲನವೇ ಸಿದ್ಧವಾಯಿತು. ನಮ್ಮ ನಾಡಿನಲ್ಲಿ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ಬಳಸುವವರಿಗೆ, ಕಾವ್ಯಪ್ರಯೋಗಗಳನ್ನು ಆಧಾರವಾಗಿ ಕೊಡುವ ಈ ಕ್ರಮದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಮೂರು ವರ್ಷಗಳ ಕೆಲಸವು ಒಂಬತ್ತು ವರ್ಷ ಹಿಡಿಯಿತು. ಹಣ ಸಾಲದೆ, 1750ರಿಂದ ಎರಡು ವರ್ಷ ವಾರಕ್ಕೆರಡರಂತೆ ಪ್ರಬಂಧಗಳ ಪತ್ರಿಕೆಯೊಂದನ್ನೂ ನಡೆಸಿದನು. 1752ರ ಮಾರ್ಚಿಯಲ್ಲಿ ಪತ್ನಿ ತೀರಿಕೊಂಡಳು. ಯಾರಿಗಾಗಿ ಗೆಲ್ಲಬೇಕೆಂದಿದ್ದನೋ ಅವಳೇ ಇಲ್ಲದ ಮನೆಯಲ್ಲಿ, ಅಟ್ಟವನ್ನು ಹತ್ತಿ, ಉಳಿದ ಅಕ್ಷರಗಳನ್ನು ಮುಗಿಸಿದನು.

ಈ ಯೋಜನೆಯ ವಿವರಪತ್ರವನ್ನು 1747ರಲ್ಲಿ ಚೆಸ್ಟರ್‌ಫೀಲ್ಡ್ ಪ್ರಭುವಿಗೆ ಸಂಬೋಧಿಸಿ ಪ್ರಕಟಿಸಲಾಗಿತ್ತು. ಪ್ರಭುವು ರಸಿಕನೂ ವಾಗ್ಮಿಯೂ ಹೌದು. ಆದರೆ ಅವನಿಂದ ಬಂದ ನೆರವು ಒಮ್ಮೆ ಹತ್ತು ಪೌಂಡು ಮಾತ್ರ. ಆ ಪ್ರಭುವಿನ ಹೊರಕೋಣೆಯಲ್ಲಿ ಕಾದ ವಿದ್ವಾಂಸನು ಅವಮಾನಿತನಾಗಿ ಹಿಂದಿರುಗಿದ ಮೇಲೆ ಏಳು ವರ್ಷ ವಿಚಾರಣೆಯೇ ಇರಲಿಲ್ಲ. ಗ್ರಂಥವು ಪ್ರಕಟವಾಗುವ ಕಾಲ ಸಮೀಪಿಸಿದಾಗ, 1754ರ ಕೊನೆಯಲ್ಲಿ, ಪ್ರಭುವು ಪತ್ರಿಕೆಯೊಂದರಲ್ಲಿ ಅದನ್ನು ಹೊಗಳಿ ಎರಡು ಲೇಖನಗಳನ್ನು ಬರೆದನು. ಅರ್ಪಣಪತ್ರಿಕೆಯು ತನಗೆ ಸಲ್ಲಬೇಕೆಂಬ ಇಂಗಿತವನ್ನು ಜಾನ್ಸನ್ನನು ಅರಿಯದೆ ಇರಲಿಲ್ಲ. 1755ರ ಫೆಬ್ರವರಿ 7ರಂದು ಅವನು ಪ್ರಭುವಿಗೆ ಬರೆದ ಪತ್ರವು ಆಂಗ್ಲ ಗದ್ಯದಲ್ಲಿ ಚಿರಸ್ಥಾಯಿಯಾಯಿತು. ಅದರಲ್ಲಿ ಒಂದು ಬೈಗುಳವಿಲ್ಲ. ಮರ್ಯಾದೆಯ ಮಾತುಗಳಲ್ಲಿಯೇ, ಬೇಕಾದಾಗ ಬಾರದೆ, ದಡ ಸೇರಿದ ಮೇಲೆ ಬಂದ ಪೋಷಣೆಯು ತನಗೆ ಬೇಡವೆಂದು ತಿಳಿಸಿದನು. ತನ್ನದೊಂದು ಕಾವ್ಯದಲ್ಲಿ ವಿದ್ವಾಂಸನ ಕಷ್ಟಗಳನ್ನೆಣಿಸುವಾಗ ಹಿಂದೆ ಅಟ್ಟವೆಂದು ಬರೆದಿದ್ದ ಕಡೆ ಪೋಷಕನೆಂದು ತಿದ್ದಿದನು. ಚೆಸ್ಟರ್‌ಫೀಲ್ಡನೂ ಸಾಮಾನ್ಯನಲ್ಲ. ಆ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು, ಬಂದವರಿಗೆ ತೋರಿಸಿ, ಶೈಲಿ ಎಷ್ಟು ಸೊಗಸಾಗಿದೆ ನೋಡಿರೆಂದು ಮೆಚ್ಚುತ್ತಿದ್ದನಂತೆ.

1755ರ ಏಪ್ರಿಲ್ 15ರಂದು ನಿಘಂಟು ಹೊರಬಂದಿತು: 42,773 ಪದಗಳು, ಸುಮಾರು 1,14,000 ಪ್ರಯೋಗಗಳು. ಅದರ ಮುನ್ನ ಆಕ್ಸ್‌ಫರ್ಡ್ ವಿದ್ಯಾಪೀಠವು ಇಪ್ಪತ್ತೈದು ವರ್ಷಗಳ ಹಿಂದೆ ದಕ್ಕದಿದ್ದ ಪದವಿಯನ್ನು ಗೌರವಪೂರ್ವಕವಾಗಿ ಕೊಟ್ಟಿತ್ತು. ಡಬ್ಲಿನ್ ಸಹ 1765ರಲ್ಲಿ, ಯಾರೂ ಬೇಡದೆ, ಡಾಕ್ಟರ್ ಪದವಿಯನ್ನು ಕಳುಹಿಸಿತು. ಆದರೆ ಕೀರ್ತಿಯಿಂದ ಹೊಟ್ಟೆ ತುಂಬಲಿಲ್ಲ. ನಿಘಂಟು ಬಂದ ಮರುವರ್ಷವೇ ಆರು ಪೌಂಡಿಗೂ ಕಡಿಮೆಯಾದ ಸಾಲಕ್ಕಾಗಿ ಅವನನ್ನು ಬಂಧಿಸಿದರು. ಕಾದಂಬರಿಕಾರ ರಿಚರ್ಡ್‌ಸನ್ನನು ಆರು ಗಿನಿಗಳನ್ನು ಕಳುಹಿಸಿ ಬಿಡಿಸಿದನು. ಈ ಬಾರಿ ಅವನು ಎಸೆಯಲಿಲ್ಲ. ತಾನೇ ಕೇಳಿದ್ದನು, ಕೇಳಿದೊಡನೆ ಬಂದಿತ್ತು. 1759ರಲ್ಲಿ ತಾಯಿ ಸತ್ತಾಗ ಉತ್ತರಕ್ರಿಯೆಯ ವೆಚ್ಚಕ್ಕೂ ಅವಳ ಸಣ್ಣ ಸಾಲಗಳಿಗೂ ಹಣ ಹೊಂದಿಸಲು, ಒಂದು ವಾರದ ಸಂಜೆಗಳಲ್ಲಿ ‘ರಾಸೆಲಾಸ್’ ಕಥೆಯನ್ನು ಬರೆದು ಮಾರಿದನು.

1762ರಲ್ಲಿ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 300 ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿದನು. ತನ್ನ ನಿಘಂಟಿನಲ್ಲಿ ಆ ಪದಕ್ಕೇ ಕಟುವಾದ ಅರ್ಥವನ್ನು ಬರೆದಿದ್ದ ಜಾನ್ಸನ್ನನು ತಡವರಿಸಿದನು. ಮುಂದೆ ಮಾಡಬೇಕಾದುದಕ್ಕಲ್ಲ, ಮಾಡಿ ಮುಗಿಸಿದುದಕ್ಕೆ ಎಂದು ಮಂತ್ರಿಯು ಸ್ಪಷ್ಟಪಡಿಸಿದ ಮೇಲೆ ಸ್ವೀಕರಿಸಿದನು. ವಿರೋಧಿಗಳು ನಕ್ಕರು. ಆ ಹಣದ ದೊಡ್ಡ ಭಾಗ ಎಲ್ಲಿಗೆ ಹೋಯಿತೆಂಬುದನ್ನು ಅವರು ಅವನ ಮನೆಗೆ ಹೋಗಿ ನೋಡಬಹುದಾಗಿತ್ತು. ಕುರುಡಿ ಕವಯಿತ್ರಿ ಆನಾ ವಿಲಿಯಮ್ಸ್, ಬಡವರ ವೈದ್ಯ ಲೆವೆಟ್, ಗತಿಗೆಟ್ಟ ಒಬ್ಬಿಬ್ಬರು ಹೆಂಗಸರು, ಇವರೆಲ್ಲ ಅಲ್ಲಿ ಆಶ್ರಿತರು. ದಿನವೂ ಪರಸ್ಪರ ಜಗಳ. ಆಶ್ರಿತರ ಗಲಾಟೆಗೆ ಅಂಜಿ ಮನೆಯೊಡೆಯನೇ ಮನೆಗೆ ತಡವಾಗಿ ಬರುತ್ತಿದ್ದನು. ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್ ಎಂಬ ಕರಿಯ ಬಾಲಕನು 1752ರಲ್ಲಿ ಪರಿಚಾರಕನಾಗಿ ಬಂದವನು. ಅವನನ್ನು ಜಾನ್ಸನ್ನನು ಸ್ವಂತ ಖರ್ಚಿನಿಂದ ಶಾಲೆಗೆ ಕಳುಹಿಸಿ ಓದಿಸಿದನು. ಮುದಿಬೆಕ್ಕಿಗೆ ಮೃದ್ವಂಗಿಗಳನ್ನು ತಾನೇ ಹೋಗಿ ಕೊಂಡು ತರುತ್ತಿದ್ದನು. ಆಳನ್ನು ಕಳುಹಿಸಿದರೆ ಬೆಕ್ಕಿಗಾಗಿ ದುಡಿಯಬೇಕಾಯಿತೆಂದು ಅವನ ಮನಸ್ಸು ನೊಂದೀತೆಂಬ ಶಂಕೆ ಅವನದು!

1763ರಲ್ಲಿ ಬಾಸ್ವೆಲ್ ಎಂಬ ತರುಣನ ಪರಿಚಯವಾಯಿತು. ಅವನು ಬರೆದ ಜೀವನಚರಿತ್ರೆಯಿಂದ ಜಾನ್ಸನ್ನನ ಮಾತುಕತೆ ಲೋಕಕ್ಕೆಲ್ಲ ತಿಳಿಯಿತು. 1765ರ ಷೇಕ್ಸ್‌ಪಿಯರ್ ಸಂಪಾದನೆಯ ಪೀಠಿಕೆಯಲ್ಲಿ, ಕಾಲ ಸ್ಥಳಗಳ ಐಕ್ಯವನ್ನು ಮುರಿದನೆಂದು ಆ ಮಹಾಕವಿಯನ್ನು ದೂರುತ್ತಿದ್ದ ಲಾಕ್ಷಣಿಕರಿಗೆ ಜಾನ್ಸನ್ನನು ಬಲವಾದ ಉತ್ತರ ಕೊಟ್ಟನು. 1779ರಿಂದ 1781ರವರೆಗೆ ಐವತ್ತೆರಡು ಕವಿಗಳ ಚರಿತ್ರೆಗಳನ್ನು ಬರೆದನು. ಅವನ ತೀರ್ಪುಗಳೆಲ್ಲ ಸರಿಯೆಂದು ನಾನು ಹೇಳಲಾರೆ. ಮಿಲ್ಟನ್ನನ ‘ಲಿಸಿಡಸ್’ ಶೋಕಗೀತೆಯ ವಿಷಯದಲ್ಲಿ ಅವನ ಕಿವಿ ನಿಜವಾಗಿಯೂ ಮಂದವಾಗಿತ್ತು. ಅವನು ಸತ್ತ ಹದಿನಾಲ್ಕು ವರ್ಷಗಳಿಗೆ, 1798ರಲ್ಲಿ, ವರ್ಡ್ಸ್‌ವರ್ತ್ ಕೋಲ್ರಿಜರ ಕವಿತೆಗಳು ಹೊರಬಂದು ಕಾವ್ಯದ ರುಚಿಯೇ ಬದಲಾಯಿತು.

ತಂದೆಯು ಬದುಕಿದ್ದಾಗ ಯೂಟಾಕ್ಸಿಟರ್ ಎಂಬ ಊರಿನ ಸಂತೆಯಲ್ಲಿ ಪುಸ್ತಕದಂಗಡಿ ಹಾಕುತ್ತಿದ್ದನು. ಒಂದು ದಿನ, ಮೈಯಲ್ಲಿ ಸ್ವಸ್ಥವಿಲ್ಲದೆ, ಮಗನನ್ನು ಜೊತೆಗೆ ಬರಲು ಕರೆದನು. ಸಂತೆಯಲ್ಲಿ ಕೂರುವುದು ತನ್ನ ವಿದ್ಯೆಗೆ ಕಡಿಮೆಯೆಂದು ಮಗನು ಒಲ್ಲೆನೆಂದನು. ಸುಮಾರು ಐವತ್ತು ವರ್ಷಗಳ ಅನಂತರ, ದೇಶಕ್ಕೆಲ್ಲ ಮಾನ್ಯನಾದ ಮುದುಕನು ಆ ಊರಿಗೆ ಹೋಗಿ, ಅಂಗಡಿಯಿದ್ದ ಸ್ಥಳದಲ್ಲಿ, ಸುರಿಯುವ ಮಳೆಯಲ್ಲಿ, ಬರಿದಲೆಯಲ್ಲಿ ಬಹಳ ಹೊತ್ತು ನಿಂತು ಬಂದನು. ಪಾದರಕ್ಷೆಯನ್ನೆಸೆದ ಅಭಿಮಾನವೂ ತಂದೆಗೆ ಒಲ್ಲೆನೆಂದ ಅಭಿಮಾನವೂ ಒಂದೇ ಬೇರಿನವು. ಮೊದಲನೆಯದಕ್ಕೆ ಅವನು ಎಂದೂ ಪಶ್ಚಾತ್ತಾಪಪಟ್ಟಂತೆ ಕಾಣೆ. ಎರಡನೆಯದು ಅವನನ್ನು ಕಡೆಯವರೆಗೂ ಸುಟ್ಟಿತು.

1784ರ ಡಿಸೆಂಬರ್ 13ರಂದು ಜಾನ್ಸನ್ನನು ಲಂಡನ್ನಿನಲ್ಲಿ ದೇಹವನ್ನು ಬಿಟ್ಟನು. ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಶಿಷ್ಯ ಗ್ಯಾರಿಕನ ಸಮಾಧಿಯ ಬಳಿಯಲ್ಲಿಯೇ ಗುರುವಿಗೂ ಎಡೆ ದೊರೆಯಿತು. ಮರಣಶಾಸನದಲ್ಲಿ ಅವನು ಬಾರ್ಬರನಿಗೆ ವರ್ಷಕ್ಕೆ 70 ಪೌಂಡು ಸಲ್ಲುವಂತೆ ಏರ್ಪಡಿಸಿ, ಉಳಿದ ಆಸ್ತಿಯ ಬಹುಭಾಗವನ್ನೂ ಅವನಿಗೇ ಬರೆದಿದ್ದನು. ದೊಡ್ಡಮನುಷ್ಯರು ಹಲವರು ಇದನ್ನು ಆಕ್ಷೇಪಿಸಿದರು. ಬಾರ್ಬರನು ಲಂಡನ್ನನ್ನು ಬಿಟ್ಟು, ಒಡೆಯನ ಊರಾದ ಲಿಚ್‌ಫೀಲ್ಡಿಗೆ ಹೋಗಿ ನೆಲಸಿದನು. ದುಡ್ಡು ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ಸಮೀಪದ ಬರ್ನ್ಟ್‌ವುಡ್ ಎಂಬಲ್ಲಿ ಒಂದು ಚಿಕ್ಕ ಶಾಲೆಯನ್ನು ತೆರೆದು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದನು. ಜಾನ್ಸನ್ನನು ಶಾಲೆಯಿಟ್ಟು ಸೋತ ಎಡಿಯಲ್ ಅಲ್ಲಿಂದ ಕೂಗಳತೆಯ ದೂರದಲ್ಲಿದೆ.