ಗಣಿತಾಚಾರ್ಯ ಮಹಾವೀರರು

ಕನ್ನಡ ನಾಡಿನ ಹಿರಿಮೆಯನ್ನು ನೆನೆಯುವಾಗ ನಾವು ಕವಿಗಳನ್ನೂ ಶರಣರನ್ನೂ ವೀರರನ್ನೂ ಸ್ಮರಿಸುತ್ತೇವೆ. ಗಣಿತಜ್ಞರನ್ನು ಸ್ಮರಿಸುವುದು ವಿರಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಗಳು ಅವಶ್ಯವಾಗಿ ಅರಿಯಬೇಕಾದ ಅಂಥ ಮಹನೀಯರು ಮಹಾವೀರಾಚಾರ್ಯರು.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ರಾಜ್ಯವಾಳುತ್ತಿದ್ದನು. ಅವನ ಆಸ್ಥಾನದ ಶ್ರೀವಿಜಯನು ‘ಕವಿರಾಜಮಾರ್ಗ’ದಲ್ಲಿ ತಿರುಳ್ಗನ್ನಡದ ನೆಲೆಗಳನ್ನು ಹೆಸರಿಸುವಾಗ ಇಂದಿನ ಬೈಲಹೊಂಗಲ ತಾಲೂಕಿನ ಒಕ್ಕುಂದವನ್ನೂ ಎಣಿಸಿರುವನು. ಅದೇ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗ್ರಂಥಾರಂಭದಲ್ಲಿ ನೃಪತುಂಗನ ಸ್ತುತಿಯಿದೆ.

ಆಚಾರ್ಯರ ಬಾಳಿನ ಸಾಧನೆಯೆಲ್ಲ ಈ ಒಂದು ಗ್ರಂಥದಲ್ಲಿ ನೆಲೆಗೊಂಡಿದೆ. ಅದುವರೆಗೆ ಗಣಿತವು ಬಹುಮಟ್ಟಿಗೆ ಖಗೋಳಗ್ರಂಥಗಳ ಒಂದು ಭಾಗವಾಗಿತ್ತು. ಆಚಾರ್ಯರು ಅದನ್ನು ಸ್ವತಂತ್ರ ಶಾಸ್ತ್ರವಾಗಿ ಬೋಧಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದರು. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದು ‘ನಿರುದ್ಧ’ವನ್ನು, ಅಂದರೆ ಇಂದಿನ ಲ. ಸಾ. ಅ.ವನ್ನು, ಪಡೆಯುವ ವಿಧಾನವನ್ನು ತಿಳಿಸಿದರು. ಗುಣಾಕಾರವನ್ನು ಕಲಿಸುವಾಗ ಉತ್ತರವು ಹಾರದಂತೆ ಶೋಭಿಸುವ ಲೆಕ್ಕಗಳನ್ನು ಆಯ್ದುಕೊಟ್ಟರು: 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ.

ಈ ಹಾರವನ್ನು ಬಿಚ್ಚಿ ನೋಡಿದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆ. 73 ಅವಿಭಾಜ್ಯವೇ ಎಂಬುದನ್ನು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು, ಬಾಲಕನೂ ಹೇಳಬಲ್ಲನು; ಏಕೆಂದರೆ 9ರ ವರ್ಗವೇ 73ನ್ನು ಮೀರುತ್ತದೆ. ಆದರೆ ನೂರಾರು ಅಂಕಿಗಳ ಸಂಖ್ಯೆಗೆ ಈ ಮಾರ್ಗವನ್ನು ಹಿಡಿದರೆ ಗಣಕಯಂತ್ರಕ್ಕೂ ಯುಗಗಳು ಸಾಲವು. ಅಂಥ ಸಂಖ್ಯೆಯನ್ನೂ ನಿಶ್ಚಿತವಾಗಿ, ಅಂಕಿಗಳ ಎಣಿಕೆಗೆ ಮಿತವಾದ ಕಾಲದಲ್ಲಿ ಪರೀಕ್ಷಿಸುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐ. ಐ. ಟಿ.ಯಲ್ಲಿ ಮಣೀಂದ್ರ ಅಗರವಾಲರೂ ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನರೂ ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸಿದರು. ಶಿಷ್ಯರಿಬ್ಬರೂ ಆಗತಾನೆ ಪದವಿ ಮುಗಿಸಿದ ತರುಣರು.

ಆಚಾರ್ಯರ ಗ್ರಂಥವು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಬಂದಿತು, 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಸಾವಿರ ವರ್ಷ ಅದನ್ನು ಉಳಿಸಿದವರು ಪ್ರತಿಮಾಡಿದ ಲಿಪಿಕಾರರು, ಪಾಠಹೇಳಿದ ಗುರುಗಳು, ಆಶ್ರಯವಿತ್ತ ದಾನಿಗಳು. ಲೆಕ್ಕವೆಂದರೆ ಅಂಜುವ ಮಗುವಿಗೆ ಆ ಹಾರವನ್ನೊಮ್ಮೆ ಕಟ್ಟಿಸಿ, ಬಿಚ್ಚಿಸಿ ತೋರಿಸುವುದೇ ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.