ಚಳಿಯನ್ನೇ ಕೊಯ್ದು ಮಾರಿದ ಟ್ಯೂಡರ್

ಆಳಂದ, ಅಫಜಲಪುರ, ಜೇವರ್ಗಿ ಕಡೆ ಚಳಿಗಾಲ ಅಂದ್ರೆ ನಸುಕಿನಲ್ಲಿ ಒಂದು ಕಂಬಳಿ, ಅಷ್ಟೇ. ಕೆರೆ ನೀರು ಗಡ್ಡೆ ಕಟ್ಟೋದನ್ನ ಇಲ್ಲಿ ಯಾರೂ ಕಂಡಿಲ್ಲ. ಆದರೆ ದೂರದ ಕೆರೆಗಳ ಮಂಜುಗಡ್ಡೆ ಕೊಯ್ದು ನಮ್ಮ ದೇಶಕ್ಕೇ ತಂದು ಮಾರಿದವನೊಬ್ಬ ಇದ್ದ: ಫ್ರೆಡೆರಿಕ್ ಟ್ಯೂಡರ್.

1783ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ. ಅಪ್ಪ ವಕೀಲ. ಅಣ್ಣ ಹಾರ್ವರ್ಡ್‌ನಲ್ಲಿ ಓದಿದ, ಇವನು 13ನೇ ವಯಸ್ಸಿಗೇ ಶಾಲೆ ಬಿಟ್ಟ. 1806ರಲ್ಲಿ ಮಂಜುಗಡ್ಡೆಯನ್ನು ಬಿಸಿಲ ನಾಡಿಗೆ ಸಾಗಿಸ್ತೀನಿ ಅಂತ ಹೊರಟಾಗ ಊರ ಮಂದಿ ನಕ್ಕರು. ಹಡಗಿನವರು ಒಪ್ಪಲಿಲ್ಲ, ಸ್ವಂತ ಹಡಗನ್ನೇ ಕೊಂಡ. ಸುಮಾರು 130 ಟನ್ ಮಂಜುಗಡ್ಡೆ ಮಾರ್ಟಿನಿಕ್ ದ್ವೀಪ ಮುಟ್ಟಿತು. ಆದರೆ ಅಲ್ಲಿ ಇಡೋಕೆ ಜಾಗವೇ ಇಲ್ಲ! ಸರಕು ಕರಗಿತು, ರೊಕ್ಕವೂ ಕರಗಿತು. ಮುಂದೆ ಸಾಲಕ್ಕಾಗಿ ಜೈಲನ್ನೂ ಕಂಡ.

ಆದರೂ ಬಿಡಲಿಲ್ಲ. ಹವಾನಾದಲ್ಲಿ ಮಂಜಿನ ಮನೆ ಕಟ್ಟಿ, ಗಡಿಯಾರ ಹಿಡಿದು ನಿಂತು, ಕರಗಿದ ನೀರನ್ನು ಅಳೆದ. 1 ಕೆಜಿ ಮಂಜುಗಡ್ಡೆ ಕರಗೋಕೆ 334 ಕಿಲೋಜೌಲ್ ಶಾಖ ಬೇಕು. ಆ ಶಾಖ ಒಳಗೆ ಬರದಂತೆ ತಡೆಯೋದೇ ಅವನ ಮುಂದಿದ್ದ ಪ್ರಶ್ನೆ. ಹುಲ್ಲು, ಮರದ ಹೊಟ್ಟು ಎಲ್ಲ ಬಳಸಿ ನೋಡಿದ. ಸಾ ಮಿಲ್‌ನವರಿಗೆ ಕಸವಾಗಿದ್ದ ಹೊಟ್ಟೇ ಕೊನೆಗೆ ಕೈಹಿಡಿಯಿತು.

1816ರಲ್ಲಿ ಇನ್ನೊಂದು ಸಾಹಸ. ಶೇಕಡಾ 40ರ ಬಡ್ಡಿಗೆ ಸಾಲ ತೆಗೆದು, 15 ಟನ್ ಮಂಜುಗಡ್ಡೆ ಹಾಕಿ ಕ್ಯೂಬಾದಿಂದ ನಿಂಬೆ, ಕಿತ್ತಳೆ, ಬಾಳೆಹಣ್ಣು ತುಂಬಿಸಿದ. ತಿಂಗಳ ಪಯಣದಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೊಳೆಯಿತು.

1825ರ ಹೊತ್ತಿಗೆ ನಥಾನಿಯಲ್ ವೈಯತ್ ಎಂಬಾತ ಕುದುರೆ ಎಳೆಯುವ ಮಂಜು ಕೊಯ್ಯುವ ಯಂತ್ರ ಮಾಡಿದ. ಹೊಲದಲ್ಲಿ ಕುಂಟೆ ಹೊಡೆದಂತೆ ಕೆರೆ ಮೇಲೆ ಗೆರೆ ಕೊರೆದು, ಒಂದೇ ಅಳತೆಯ ಗಡ್ಡೆ ತೆಗೆದರು. ಸಂದಿಲ್ಲದೆ ಜೋಡಿಸಿದ್ದರಿಂದ ಗಾಳಿಗೆ ತಾಗುವ ಮೈ ಕಡಿಮೆಯಾಯಿತು, ಕರಗೋದೂ ಕಡಿಮೆಯಾಯಿತು.

1833ರಲ್ಲಿ ಟಸ್ಕನಿ ಹಡಗು 180 ಟನ್ ಹೊತ್ತು ಹೊರಟು, ನಾಲ್ಕು ತಿಂಗಳ ನಂತರ ಕಲ್ಕತ್ತ ಸೇರಿತು. ಸುಮಾರು 100 ಟನ್ ಇನ್ನೂ ಉಳಿದಿತ್ತು! ಮುಂದೆ ಮಂಜಿನ ಜೊತೆ ಬಾಸ್ಟನ್ ಸೇಬೂ ಬಂತು. ಚೆನ್ನೈನ ವಿವೇಕಾನಂದರ್ ಇಲ್ಲಂ ಕಟ್ಟಡ ಮೊದಲು ಅವನ ಐಸ್ ಹೌಸ್ ಆಗಿತ್ತು. ಸಾಲವನ್ನೆಲ್ಲ ತೀರಿಸಿ, ಶ್ರೀಮಂತನಾಗಿ, 1864ರಲ್ಲಿ ತೀರಿಕೊಂಡ.

ಅವನಿಗೂ ಮೊದಲೇ ಅಲಹಾಬಾದ್ ಕಡೆಯ ಜನ ಚಳಿಗಾಲದ ರಾತ್ರಿ ಬಯಲಲ್ಲಿ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಮಾಡ್ತಿದ್ರು. ಅಷ್ಟು ಚಳಿ ನಮ್ಮಲ್ಲಿಲ್ಲ. ಒಣ ಬಿಸಿಲಂತೂ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಕರೆಂಟ್ ಬೇಡದ ತಂಪು ಕೋಣೆಗೆ ಇಟ್ಟಿಗೆಯ ಎರಡು ಗೋಡೆ, ನಡುವೆ ಒದ್ದೆ ಮರಳು ಸಾಕು. ನೀರು ಆವಿಯಾಗುತ್ತಾ ಒಳಗಿನ ತರಕಾರಿ ತಂಪಾಗುತ್ತೆ. ಗಾಳಿ ಒಣಗಿದ್ದಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಟೊಮ್ಯಾಟೊ ಬೆಲೆ ಬಿದ್ದ ವಾರ ನಾಲ್ಕು ದಿನ ಕಾಯೋಕಾದ್ರೆ ರೈತನಿಗೆ ಅದೇ ದೊಡ್ಡದು. ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಿರೋರು ಗಡಿಯಾರ ಹಿಡಿದು ಅಳೆಯೋದರಿಂದ ಶುರುಮಾಡಬಹುದು.