ದೊಡ್ಡ ಸ್ವಾಮಿ ಅಬ್ಬೆ ದ್ಯುಬುವಾ

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ನಮ್ಮ ಭಕ್ತಾದಿಗಳು ಮಳೆ, ಸಾಲ, ಮದುವೆ, ಕಾಯಿಲೆಗಳ ಪ್ರಶ್ನೆಗಳನ್ನೂ ಗುರುಮನೆಗೆ ತರುವುದುಂಟು. ಆಗೆಲ್ಲ ನಮಗೆ ನೆನಪಾಗುವವರು ಪೂಜ್ಯ ಅಬ್ಬೆ ದ್ಯುಬುವಾ. 1765ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಇವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ಅವರು ಕಂಡದ್ದು ಚದುರಿಹೋದ ಸಭೆಯನ್ನು. ಬಲವಂತಕ್ಕೆ ಸಿಕ್ಕಿ ವಿಶ್ವಾಸ ತೊರೆದವರಿಗೆ ಮರಳುವ ದಾರಿಯುಂಟೇ ಎಂಬುದೇ ಅಂದಿನ ಪ್ರಶ್ನೆ. ಸ್ವಾಮಿಯವರು ಅವರನ್ನು ಮರಳಿ ಸಭೆಗೆ ಸೇರಿಸಿಕೊಂಡರು. ಹಸಿದವನಿಗೆ ಪಾಪಕ್ಷಮೆಯೊಡನೆ ಅನ್ನವೂ ಬೇಕಷ್ಟೆ. ಅದಕ್ಕಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು.

ಸಿಡುಬನ್ನು ದೇವಿಯ ಮುನಿಸೆಂದು ಜನ ಅಂಜುತ್ತಿದ್ದ ಕಾಲವದು. (ಲಸಿಕೆಗೆ ನಮ್ಮ ಹಿರಿಯರು ದೇವಿ ಹಾಕಿಸುವುದೆಂದೇ ಹೇಳುತ್ತಿದ್ದರಲ್ಲವೇ!) ಸ್ವಾಮಿಯವರು ಮುಂದೆ ನಿಂತು ಲಸಿಕೆಯ ಕಾರ್ಯ ನಡೆಸಿದರು, 1803-04ರಲ್ಲಿ 25,432 ಜನ ಲಸಿಕೆ ಪಡೆದರೆಂದು ದಾಖಲೆಯಿದೆ.

ತಲೆಗೆ ರುಮಾಲು ಸುತ್ತಿ, ದೇಶೀಯರಂತೆ ಉಟ್ಟು ಉಂಡು ಬಾಳಿದ ಇವರನ್ನು ಜನ ದೊಡ್ಡ ಸ್ವಾಮಿಯವರೆಂದು ಕರೆದರು. ಮತಪ್ರಚಾರದ ಫಲದ ಬಗ್ಗೆ ಮಾತ್ರ ಅವರು ಕೊನೆಗೆ ನಿರಾಶರಾದರು. ಆ ನಿರಾಶೆಯನ್ನು ನಾವು ಒಪ್ಪಲಾರೆವು. 1823ರಲ್ಲಿ ಸ್ವದೇಶಕ್ಕೆ ಮರಳಿ, 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು.